ಮೊಸಳೆ ಕಚ್ಚಿದ ಕೈಯೂ ಹೊನ್ನೂರಿನ ದೋಣಿಯೂ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ದೋಣಿ ಇತ್ತು ಎಂದರೆ ಈಗಿನವರು ನನ್ನ ಮುಖ ನೋಡುತ್ತಾರೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಒಂದು ಬಾವಿ ಇದೆ, ಬೇಸಿಗೆಯಲ್ಲಿ ಕೊಡ ಅದರ ತಳಕ್ಕೆ ತಾಗಿ ಠಣ್ ಎನ್ನುತ್ತದೆ. ಅಂಥ ಬೀದಿಯ ಮನೆಯಲ್ಲಿ, ಮಗ್ಗದ ಮಗ್ಗುಲಿಗೆ, ಮಿಷನ್ನಿನಿಂದ ಓಡುವ ದೋಣಿಯೊಂದು ಮಲಗಿತ್ತು. ತಂದವರು ನಮ್ಮ ಯಜಮಾನರು ರಾಮಲಿಂಗಯ್ಯನವರು. ಬೈದವಳು ನಾನು, ಅವರ ಹೆಂಡತಿ ಭಾಗ್ಯಮ್ಮ. ಬೈದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಪಡಸಾಲೆಯಲ್ಲಿ ದೋಣಿ ಇಟ್ಟುಕೊಂಡ ಗಂಡನನ್ನು ಬೈಯದ ಹೆಂಡತಿ ಎಲ್ಲಾದರೂ ಇದ್ದರೆ ಅವಳಿಗೆ ಬಾಯಿ ಇಲ್ಲ ಎಂದೇ ಅರ್ಥ.

ನಮ್ಮವರು ಸಣ್ಣ ಆಳು. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಬೆನ್ನು ಮಾತ್ರ ಕಾಣುತ್ತಿತ್ತು. ಮಾತು ಕಡಿಮೆ, ಹಟ ಹೆಚ್ಚು. ಯಾರಾದರೂ ದಾರಿಯಲ್ಲಿ ಒಂದು ಲೋಟ ಮಜ್ಜಿಗೆ ಕೊಟ್ಟರೆ ಅವರ ಮೊಮ್ಮಕ್ಕಳ ನಾಮಕರಣದವರೆಗೂ ನೆನಪಿಟ್ಟುಕೊಳ್ಳುವ ಜಾತಿ. ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ. ಅವರು ಅದನ್ನು ಬಾಳಿದರು. ಮಜ್ಜಿಗೆಗೇ ಹೀಗಾದರೆ, ಪ್ರಾಣ ಉಳಿಸಿದವರಿಗೆ ಎಷ್ಟು ನೆನೆಯಬೇಡ?

ಪ್ರಾಣದ ಸಂಗತಿ ನಮ್ಮ ಮದುವೆಯಾದ ವರ್ಷದ್ದು. ನಾನಿನ್ನೂ ಹದಿನಾರು ತುಂಬದ ಹುಡುಗಿ. ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಕಾವೇರಿಯ ಆಚೆ ದಡ ಮೈಸೂರಿನದು. ಆಚೆಯ ಮದುವೆ ಮನೆಗಳಿಗೆ ಸೀರೆ ಕೊಡಲು ಇವರು ಸತ್ತೇಗಾಲದ ಮೇಲ್ಗಡೆಯ ಕಡವಿನಲ್ಲಿ ಹರಿಗೋಲು ಹತ್ತಿ ಹೋಗುತ್ತಿದ್ದರು. ಸೇತುವೆಯ ಮೇಲೆ ಹೋದರೆ ಸುತ್ತು. ಆ ಆಷಾಢದಲ್ಲಿ ಹೊಳೆ ತುಂಬಿತ್ತು. ನಡುನೀರಿನಲ್ಲಿ ಹರಿಗೋಲು ಒಂದು ಮರದ ದಿಮ್ಮಿಗೆ ತಾಗಿ ವಾಲಿತು, ಇವರು ರೇಷ್ಮೆ ಸೀರೆಯ ಮೂಟೆ ಅಪ್ಪಿಕೊಂಡೇ ನೀರಿಗೆ ಬಿದ್ದರು. ಈಜು ಬರದು. ಕಣ್ಣು ಬಿಟ್ಟಾಗ ದಡದ ಮರಳಿನಲ್ಲಿದ್ದರು. ಮೂಟೆ ಹೊಳೆಯ ಪಾಲಾಗಿತ್ತು. ಬಲಗೈಯ ಮಣಿಕಟ್ಟಿನಿಂದ ರಕ್ತ ಬರುತ್ತಿತ್ತು. ಎದುರಿಗೆ ಅಂಬಿಗ ಮಾದಣ್ಣ ಒದ್ದೆಮುದ್ದೆಯಾಗಿ ಕುಕ್ಕರುಗಾಲಲ್ಲಿ ಕೂತಿದ್ದ.

“ಮೊಸಳೆನಾ?” ಎಂದು ಇವರು ಕೈ ತೋರಿಸಿ ಕೇಳಿದರಂತೆ.

“ಇರ್ಬೋದು ಸೆಟ್ರೇ,” ಎಂದನಂತೆ ಮಾದಣ್ಣ.

ಅಲ್ಲಿಂದ ಆ ಗಾಯದ ಕಲೆ ನಮ್ಮ ಮನೆಯ ಕಥೆಯಾಯಿತು. ಬಂದವರಿಗೆಲ್ಲ ಇವರು ತೋಳು ಮೇಲೆ ಮಾಡಿ ತೋರಿಸುವರು, “ಮೊಸಳೆ ಬಾಯಿಂದ ಮಾದಣ್ಣ ಕಿತ್ಕಂಡು ಬಂದ.” ನಾನು ದೀಪಾವಳಿಯ ಎಣ್ಣೆನೀರಿಗೆ ಕೂರಿಸಿದಾಗೆಲ್ಲ ಆ ಕಲೆಯ ಮೇಲೆ ಎಣ್ಣೆ ತಿಕ್ಕಿದ್ದೇನೆ. ಹಲ್ಲಿನ ಗುರುತು ಸಾಲಾಗಿ ಬಂದು, ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ, ಮತ್ತೆ ಸಾಲು. ಪಾಪ, ಹಲ್ಲು ಬಿದ್ದ ಮೊಸಳೆ ಇರಬೇಕು ಎಂದು ನಾನು ಗೇಲಿ ಮಾಡುತ್ತಿದ್ದೆ. ಗೇಲಿ ಮಾಡಿದರೂ ಆ ಕಲೆ ಮುಟ್ಟಿದಾಗ ನನ್ನ ಕೈ ತಾಳಿಯ ಕಡೆ ತಾನಾಗಿ ಹೋಗುತ್ತಿತ್ತು. ಅವತ್ತು ಆ ಮನುಷ್ಯ ನೀರಿಗೆ ಹಾರದಿದ್ದರೆ ನಾನು ಕುಂಕುಮ ಅಳಿಸಿಕೊಂಡು ತವರಿನ ಮೂಲೆಯಲ್ಲಿ ಕೂತಿರುತ್ತಿದ್ದೆ. ನನ್ನ ಮಕ್ಕಳು ಹುಟ್ಟುತ್ತಲೇ ಇರಲಿಲ್ಲ.

ಪ್ರತಿ ದೀಪಾವಳಿಗೆ ಇವರು ತಾವೇ ನೇಯ್ದ ಒಂದು ಪಂಚೆಯನ್ನು ಮಾದಣ್ಣನಿಗೆ ಕೊಟ್ಟು ಬರುವರು. ದಡದ ಮೇಲೆ ನಿಂತು ಕೊಡುವುದು, ದಡದಿಂದಲೇ ವಾಪಸು. ಆಚೆಗೆ ಹೋಗಬೇಕಾದರೆ ಸೇತುವೆಯ ಸುತ್ತುದಾರಿ. ಆ ದಿನದಿಂದ ಅವರ ಕಾಲು ಹೊಳೆಯ ನೀರು ಮುಟ್ಟಿರಲಿಲ್ಲ. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಮಾದಣ್ಣನ ಹೆಂಡತಿ ದೇವೀರಮ್ಮ ನಮ್ಮವರನ್ನು ಕಂಡೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವಳು. ಎಷ್ಟು ನಾಚಿಕೆಯ ಹೆಂಗಸು ಎಂದುಕೊಂಡಿದ್ದೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿತ್ತು. ಆ ದೀಪಾವಳಿಗೆ ಪಂಚೆ ತೆಗೆದುಕೊಂಡು ಹೋದವರು ಮುಖ ಇಳಿಬಿಟ್ಟುಕೊಂಡು ಬಂದರು. ಮಾದಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹುಟ್ಟು ಹಾಕುವುದಿರಲಿ, ಮುದ್ದೆ ಮುರಿಯಲೂ ಆಗದು. ಗಂಡು ಮಕ್ಕಳಿಲ್ಲ. ಹರಿಗೋಲನ್ನು ದೇವೀರಮ್ಮನೇ ನಡೆಸುತ್ತೇನೆಂದರೆ ಎರಡೂ ದಡದ ಊರ ಯಜಮಾನರು ಒಪ್ಪಿರಲಿಲ್ಲ. ಬೇಸಿಗೆಯಲ್ಲಿ ಜನ ಹೇಗೋ ಹಾಯ್ದುಕೊಂಡು ಹೋಗುತ್ತಾರೆ, ಮಳೆಗಾಲದ ಹೊಳೆಗೆ ಹೆಂಗಸನ್ನು ನಂಬಿ ಕೂರುವುದು ಹೇಗೆ ಎಂದಿದ್ದರು. ಆಷಾಢದ ನೀರು ಏರುವುದರೊಳಗೆ ಮಾದಣ್ಣ ಏನಾದರೂ ದಾರಿ ಮಾಡಿಕೊಳ್ಳದಿದ್ದರೆ ಕಡವು ಬೇರೆಯವರಿಗೆ. ಕಡವು ಹೋದರೆ ಆ ಗಂಡ ಹೆಂಡತಿಯ ಒಲೆಯೂ ಹೋಯಿತು.

“ಅವನ ಕೈ ನನ್ನ ಎಳೀತು. ಈಗ ಆ ಕೈ ಬಿದ್ದೋಗದೆ,” ಎಂದರು ಇವರು. “ಅವನಿಗೊಂದು ಕೈ ನಾನು ಕೊಡ್ಬೇಕು ಕಣೆ.”

“ಕೈ ಎಲ್ಲಿ ಸಿಕ್ತದೆ? ಸಂತೇಲಾ?” ಎಂದೆ ನಾನು.

ಸಂತೆಯಲ್ಲಿ ಸಿಗಲಿಲ್ಲ, ಹೊನ್ನೂರಿನ ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ಪುಟ್ಟಗೌರಮ್ಮ ಎಂಬವರು ಮಗಳ ಧಾರೆಗೆ ಸೀರೆ ಬೇಕೆಂದು ಹೇಳಿ ಕಳಿಸಿದ್ದರು. ಇವರು ಬಣ್ಣ ಕೇಳಲು ಹೋದಾಗ ಅವರ ಹಸುಗಳು ಒಂದು ದೋಣಿಯಲ್ಲಿ ಹುಲ್ಲು ಮೇಯುತ್ತಿದ್ದವಂತೆ. ಯಾವನೋ ಬಿಳಿ ದೊರೆ ಮೀನು ಹಿಡಿಯಲೆಂದು ಇಟ್ಟುಕೊಂಡಿದ್ದ ಮಿಷನ್ ದೋಣಿ. ತನ್ನ ದೇಶಕ್ಕೆ ಹೊರಟಾಗ ಅದನ್ನು ಪುಟ್ಟಗೌರಮ್ಮನ ಗಂಡನ ತಲೆಗೆ ಕಟ್ಟಿ ಹೋಗಿದ್ದ. ಹೊಲಗದ್ದೆಯ ಊರಿನಲ್ಲಿ ಅದು ಗೋದಲಿಯಾಗಿತ್ತು. ಮಿಷನ್ನು ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಕೊಂಡು ಕೂತಿತ್ತು. ಮಿಷನ್ ಇದ್ದರೆ ಹುಟ್ಟು ಬೇಡ, ಒಂದು ಕೈ ಸಾಕು ಎಂದುಕೊಂಡು, ಧಾರೆಯ ಸೀರೆಗೆ ಬದಲಾಗಿ ದೋಣಿ ಎಂದು ಇವರು ಕೇಳಿದರು. ಆಯಮ್ಮ, ದನಕ್ಕೆ ಬೇರೆ ಗೋದಲಿ ಮಾಡಿಸಿಕೊಡಬೇಕು ಎಂದು ಅದನ್ನೂ ಸೇರಿಸಿ ಒಪ್ಪಿದರು. ನಮ್ಮ ಹತ್ತಿರ ದುಡ್ಡಿರಲಿಲ್ಲ, ನೇಯುವ ಕೈ ಇತ್ತು. ಆಮೇಲಿನ ಖರ್ಚೆಲ್ಲವೂ ಹಾಗೆಯೇ ನಡೆಯಿತು.

ಗಾಡಿಯ ಮೇಲೆ ದೋಣಿ ಹೇರಿಕೊಂಡು ಬರುವಾಗ ಗಡಿಯ ಉಕ್ಕಡದ ಕಾವಲುಮನೆಯಲ್ಲಿ ತಡೆದರು. ಆಗ ಅಕ್ಕಿಗೆ ಕಂಟ್ರೋಲು, ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಒಯ್ಯುವ ಹಾಗಿಲ್ಲ. ಕಾವಲಿನವನು ತಮಿಳಿನವನು. ದೋಣಿಯ ಒಳಗೆಲ್ಲ ಕಬ್ಬಿಣದ ಸಲಾಕೆ ಹಾಕಿ ತಿವಿದ, ಒಣಗಿದ ಸಗಣಿ ಬಿಟ್ಟು ಏನೂ ಸಿಗಲಿಲ್ಲ. “ತಣ್ಣಿ ಎಂಗೆ?” ಎಂದನಂತೆ, ನೀರೆಲ್ಲಿ ಎಂದು. ಇವರಿಗೆ ಆ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು. ತಿಳಿಯದವರ ಹಾಗೆ ಗಾಡಿ ಹೊಡೆದುಕೊಂಡು ಬಂದರು.

ನನಗೂ ಅದೇ ಪ್ರಶ್ನೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಹೊರಗೆ ಬಿಟ್ಟರೆ ಬಿಸಿಲಿಗೆ ಸೀಳುತ್ತದೆ ಎಂದು ದೋಣಿಯನ್ನು ಪಡಸಾಲೆಗೇ ತಂದರು. ತಲೆಬಾಗಿಲ ಪಟ್ಟಿ ಕಿತ್ತು ಒಳಗೆ ನೂಕಿದ್ದಾಯಿತು. ಅಡುಗೆಮನೆಗೆ ಹೋಗಬೇಕಾದರೆ ನಾನು ಸೀರೆ ಎತ್ತಿಕೊಂಡು ಅದರ ಮೂತಿ ದಾಟಬೇಕು. ಬೆಕ್ಕು ಅದರೊಳಗೆ ಮರಿ ಹಾಕಿತು. ನಾನು ದಿನವೂ ಬೈದೆ. ಇವರು ದಿನವೂ ಕೇಳಿಸಿಕೊಂಡರು.

ನಮ್ಮವರಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಬೇರೆ ಗಂಡಸರು ಆ ದಿನ ಚೌಡೇಶ್ವರಿ ಅಮ್ಮನ ಗುಡಿಗೆ ಹೋಗಿ ಬಂದು ಉಂಡು ಮಲಗುವರು. ಇವರು ಗುಡಿಯಿಂದ ನೇರ ದೋಣಿಗೆ. ಉಳಿದ ದಿನ ಮಗ್ಗದಿಂದ ಎದ್ದ ಮೇಲೆ ಹೊತ್ತು ಮುಳುಗುವ ತನಕ. ದನದ ಜೊಲ್ಲಿಗೆ ಕೊಳೆತ ತಳದ ಹಲಗೆಗಳನ್ನು ಕಿತ್ತರು. ನಮ್ಮ ಮಾವನವರ ಕಾಲದ ಮುರಿದ ಮಗ್ಗ ಅಟ್ಟದ ಮೇಲಿತ್ತು. ಅದರ ಮರವನ್ನು ಕೊಯ್ದು ಆ ಜಾಗಕ್ಕೆ ಕೂರಿಸಿದರು. ಮಾವನವರ ಮಗ್ಗಕ್ಕೆ ಗರಗಸ ಹಾಕಿದ ದಿನ ನಾನು ಅತ್ತುಬಿಟ್ಟೆ. ಇವರು, “ಅಪ್ಪ ಇದ್ದಿದ್ರೆ ಅವರೇ ಕೊಯ್ದು ಕೊಡೋರು. ಮಗನ್ನ ಉಳಿಸ್ದೋನಿಗೆ ಅಲ್ವಾ,” ಎಂದರು. ಆಮೇಲೆ ನಾನು ಬೈಯುವುದನ್ನು ಅರ್ಧ ಮಾಡಿದೆ.

ಮಿಷನ್ನಿಗೆ ಅಕ್ಕಿ ಮಿಲ್ಲಿನ ಫಿಟ್ಟರ್ ಹನುಮಯ್ಯನನ್ನು ಕರೆತಂದರು. ಅವನು ಅದರ ಹೊಟ್ಟೆ ಬಿಚ್ಚಿದ. ಒಳಗೆ ಇಲಿಯ ಗೂಡು. “ಇದ್ರಲ್ಲಿ ಮಿಷನ್ ಕಮ್ಮಿ, ಸಂಸಾರ ಜಾಸ್ತಿ ಅದೆ ಸಾ,” ಎಂದ. ತುಕ್ಕು ತಿಕ್ಕಿ, ಬಸ್ಸಿನವರು ಎಸೆದಿದ್ದ ಪ್ಲಗ್ ತಂದು ಹಾಕಿ, ಮಗಳ ಮದುವೆಗೆ ಸೀರೆ ನೇಯ್ದು ಕೊಡಬೇಕೆಂಬ ಮಾತಿನ ಮೇಲೆ ಭಾನುವಾರಗಳಲ್ಲಿ ದುಡಿದ. ಆ ಮಿಷನ್ನಿಗೆ ಒಂದು ಹಗ್ಗ ಸುತ್ತಿ ಜೋರಾಗಿ ಎಳೆದರೆ ಅದು ಚಾಲೂ ಆಗಬೇಕು. ತಂದ ಹಗ್ಗವೆಲ್ಲ ತುಂಡಾಯಿತು. ಕಡೆಗೆ ಇವರೇ ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡೆಳೆಗಳನ್ನು ಹೊಸೆದು ಒಂದು ಹಗ್ಗ ಮಾಡಿದರು. ಅರಿಸಿನ, ಹಸಿರು, ಕೆಂಪು ಎಲ್ಲ ಸೇರಿದ ಹಗ್ಗ. ಅದು ತುಂಡಾಗಲಿಲ್ಲ.

ಮಿಷನ್ ಓಡುತ್ತದೋ ಇಲ್ಲವೋ ನೋಡಲು ನೀರು ಬೇಕು. ಹಿತ್ತಲಿನಲ್ಲಿ ನನ್ನ ತವರಿನವರು ಕೊಟ್ಟ ತಾಮ್ರದ ಹಂಡೆ ಇತ್ತು. ಅದರ ತುಂಬ ನೀರು ಹೊಯ್ದು, ಹಲಗೆಗೆ ಮಿಷನ್ ಸಿಕ್ಕಿಸಿ, ಅದರ ರೆಕ್ಕೆ ಹಂಡೆಯೊಳಗೆ ಮುಳುಗುವ ಹಾಗೆ ಇಟ್ಟು ಹನುಮಯ್ಯ ಹಗ್ಗ ಎಳೆದ. ಹೊಗೆ ಬಂತು, ಸದ್ದು ಬಂತು, ಆಮೇಲೆ ಹಂಡೆಯ ನೀರೆಲ್ಲ ಎದ್ದು ಗೋಡೆ ಹಾರಿ ಪಕ್ಕದ ಮನೆಯ ರಂಗಮ್ಮ ಒಣಗಲು ಬಿಟ್ಟಿದ್ದ ಮಗ್ಗದ ಹಾಸಿನ ನೂಲಿನ ಮೇಲೆ ಬಿತ್ತು. ರಂಗಮ್ಮನ ಬಾಯಿ ಆ ಮಿಷನ್ನಿಗಿಂತ ಜೋರು. ನಮ್ಮವರು ಮಾತ್ರ ಖಾಲಿ ಹಂಡೆಯ ಪಕ್ಕ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಗೆಗೆ ಎಂದರು. ನನಗೆ ಗೊತ್ತಿಲ್ಲವೇ.

ಇನ್ನು ಹಲಗೆಗಳ ಸಂದು ಮುಚ್ಚುವ ಕೆಲಸ. ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಸೇರಿ ಎಡವಿದೆವು. ನೇಕಾರನಿಗೆ ಲೋಕದ ಎಲ್ಲ ರೋಗಕ್ಕೂ ಗಂಜಿಯೇ ಮದ್ದು. ಹಾಸಿನ ನೂಲು ಹರಿಯಬಾರದೆಂದರೆ ಗಂಜಿ, ಬಟ್ಟೆ ನಿಲ್ಲಬೇಕೆಂದರೆ ಗಂಜಿ. ಹತ್ತಿಯ ನೂಲನ್ನು ಗಟ್ಟಿ ಅಕ್ಕಿ ಗಂಜಿಯಲ್ಲಿ ಅದ್ದಿ ಸಂದಿಗೆ ತುರುಕೋಣ ಎಂದರು ಇವರು.

“ನೀರಲ್ಲಿ ಕರಗಲ್ವೇನ್ರೀ?”

“ಒಣಗಿದ್ ಗಂಜಿ ಕಲ್ಲು ಕಣೆ. ಮೇಲೆ ಬಣ್ಣ ಬೇರೆ ಬಳೀತೀವಲ್ಲ.”

ನಾನೇ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿದೆ. ಸಂದಿಯೊಳಗೆ ಬೆರಳಿಂದ ತುಂಬಿದವಳೂ ನಾನೇ. ಒಣಗಿದ ಮೇಲೆ ತಟ್ಟಿ ನೋಡಿದರೆ ಟಣ್ ಟಣ್ ಎನ್ನುತ್ತಿತ್ತು. ಮೇಲೆ ಹಸಿರು ಬಣ್ಣ ಬಳಿದು, ಜ್ಯೇಷ್ಠದಲ್ಲಿ ಮತ್ತೆ ತಲೆಬಾಗಿಲ ಪಟ್ಟಿ ಕಿತ್ತು, ಅರಿಸಿನ ಕುಂಕುಮ ಹಚ್ಚಿ, ಗಾಡಿಯ ಮೇಲೆ ಸತ್ತೇಗಾಲಕ್ಕೆ ಹೊರಟೆವು. ಬೀದಿಯವರು ಮಗಳನ್ನು ಕಳಿಸಿಕೊಡುವಂತೆ ಕಳಿಸಿಕೊಟ್ಟರು. ರಂಗಮ್ಮನೂ ಆರತಿ ಎತ್ತಿದಳು.

ಮಾದಣ್ಣ ಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ದೋಣಿಯ ಸುತ್ತ ನಡೆದ. ದೋಣಿಯನ್ನು ನೀರಿಗೆ ಇಳಿಸಿ ದಡದ ಗೂಟಕ್ಕೆ ಕಟ್ಟಿದೆವು. ಚೆನ್ನಾಗಿಯೇ ತೇಲಿತು. ನಾಳೆ ಬೆಳಗ್ಗೆ ಮಿಷನ್ ಹಾಕಿ ನೋಡುವುದು ಎಂದು ಅವರ ಗುಡಿಸಿಲ ಜಗಲಿಯಲ್ಲಿ ಮಲಗಿದೆವು.

ಬೆಳಗ್ಗೆ ನೋಡಿದರೆ ಗೂಟ ಇದೆ, ಹಗ್ಗ ಇದೆ, ದೋಣಿ ತಳ ಸೇರಿದೆ. ತಿಳಿನೀರಿನಲ್ಲಿ ಹಸಿರಾಗಿ ಕಾಣುತ್ತಿದೆ. ಅದರ ಸುತ್ತ ಹೊಳೆಯ ಮೀನೆಲ್ಲ ಸೇರಿ ಸಂದಿಯಿಂದ ನನ್ನ ಗಂಜಿ ನೂಲನ್ನು ಎಳೆದೆಳೆದು ತಿನ್ನುತ್ತಿವೆ. ನಮ್ಮವರು ತಲೆಯ ಮೇಲೆ ಕೈ ಹೊತ್ತು ಮರಳಿನಲ್ಲಿ ಕೂತುಬಿಟ್ಟರು. ಆಗ ಹಿಂದಿನಿಂದ ನಗು ಕೇಳಿಸಿತು. ದೇವೀರಮ್ಮ ಎರಡು ಕೈಯಲ್ಲೂ ಬಿಂದಿಗೆ ಹಿಡಿದು ಬಂದಿದ್ದಳು. “ಅಯ್ಯೋ ನಮ್ಮವ್ವ, ಮೀನ್ಗೆ ಮದ್ವೆ ಊಟ ಆಕ್ಸವ್ರಲ್ಲಾ!” ಎಂದು ಬಾಯಿ ತುಂಬ ನಕ್ಕಳು. ಸೆರಗು ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮೇಲಿನ ಸಾಲಿನಲ್ಲಿ, ನಡುವೆ, ಒಂದು ಹಲ್ಲಿರಲಿಲ್ಲ.

ನಾನು ಆ ಬಾಯನ್ನೇ ನೋಡುತ್ತ ನಿಂತೆ. ಎಷ್ಟು ದೀಪಾವಳಿ ಆ ಸಾಲಿನ ಮೇಲೆ ಎಣ್ಣೆ ತಿಕ್ಕಿಲ್ಲ ನಾನು! ಇಷ್ಟು, ಆಮೇಲೆ ಖಾಲಿ, ಆಮೇಲೆ ಇಷ್ಟು. ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು. ನಾನು ನೋಡುತ್ತಿರುವುದನ್ನು ಅವಳು ಕಂಡಳು, ಬಿಂದಿಗೆ ಕೆಳಗಿಟ್ಟು ಬೇಗ ಸೆರಗು ಎಳೆದುಕೊಂಡಳು.

ದೋಣಿಯನ್ನು ಎಲ್ಲರೂ ಸೇರಿ ದಡದಿಂದಲೇ ಹಗ್ಗ ಹಿಡಿದು ಮೇಲೆಳೆದು ಬಿಸಿಲಿಗೆ ಕವುಚಿದರು. ಹರಿಗೋಲಿಗೆ ಬಳಿಯುವ ಮದ್ದನ್ನೇ ಇದಕ್ಕೂ ಹಾಕೋಣ ಎಂದಳು ದೇವೀರಮ್ಮ. ರಾಳದ ಪುಡಿಯನ್ನು ಹರಳೆಣ್ಣೆಯಲ್ಲಿ ಕಾಯಿಸಿ ಬಿಸಿಬಿಸಿಯಾಗಿ ಹಚ್ಚಬೇಕು. ಗಂಡಸರು ದೋಣಿಯ ಹತ್ತಿರ ಉಳಿದರು, ನಾವಿಬ್ಬರೂ ಒಲೆಯ ಮುಂದೆ ಕೂತೆವು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

“ದೇವೀರಮ್ಮ, ಆ ಮೊಸಳೆ ನೀನೇ ಅಲ್ವಾ?”

ಅವಳು ಸೌಟು ತಿರುಗಿಸುವುದನ್ನು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ನಾನೂ ಅರ್ಗೋಲ್ನಲ್ಲೇ ಇದ್ದೆ. ಅದು ಗಿರ್ಗಿರ್ನೆ ಸುತ್ತಿತ್ತು ಕಣವ್ವ. ನಮ್ಮೋರು ಕೈ ಬುಟ್ರೆ ಇದ್ದೋರೆಲ್ಲಾ ನೀರ್ಪಾಲು. ಅದ್ಕೆ ನಾ ಆರ್ದೆ. ನಿಮ್ ಯಜಮಾನ್ರು ಮೂಟೆ ಬುಡ್ನೇ ಇಲ್ಲ. ಮೂಟೆ ನೀರ್ ಕುಡ್ದು ಕಲ್ಲಾಗಿತ್ತು, ಇಬ್ರುನೂ ತಳೀಕ್ ಎಳೀತಿತ್ತು. ಬುಡಿ ಬುಡಿ ಅಂದೆ. ಬುಡ್ನಿಲ್ಲ. ಇನ್ನೇನ್ ಮಾಡ್ಲಿ, ಕಚ್ಬುಟ್ಟೆ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ದೊಡ್ ಮನ್ಸರು. ಎಂಗ್ಸು ಕಚ್ಚಿ ಎಳ್ಕಂಡ್ ಬಂದ್ಲು ಅಂದ್ರೆ ಅವ್ರ್ ಮರ್ವಾದೆ ಏನಾಯ್ತದೆ? ಅವ್ರೇ ಮೊಸಳೆ ಅಂದ್ರು. ನಾವೂ ಊಂ ಅಂದ್ವಿ.” ಒಲೆಗೆ ಸೌದೆ ನೂಕಿ ಮತ್ತೆ ಹೇಳಿದಳು. “ನಮ್ಮೋರ್ ಮನ್ಸು ಒಪ್ಪಾಕಿಲ್ಲ. ಪಂಚೆ ಬಂದ್ ದಿನ ಮೊದ್ಲು ತಕಂಡ್ ಬಂದು ನನ್ ಎಗಲ್ ಮ್ಯಾಲೆ ಆಕ್ತಾರೆ. ಆಮ್ಯಾಕೆ ಅವ್ರ್ ಉಡ್ತಾರೆ. ವರ್ಸಾ ವರ್ಸಾನೂ ಅಂಗೇ. ಯೋಳ್ಬ್ಯಾಡಿ ಕಣವ್ವ ನಿಮ್ಮೋರ್ಗೆ, ನನ್ನಾಣೆ.”

ನಾನು ಅವಳ ಎರಡೂ ಕೈ ಹಿಡಿದುಕೊಂಡು ಅತ್ತೆ. ನನ್ನ ತಾಳಿ, ನನ್ನ ಮಕ್ಕಳು, ನನ್ನ ಒಲೆಯ ಬೆಂಕಿ, ಎಲ್ಲ ಈ ಹೆಂಗಸಿನ ಬಾಯಿಂದ ಬಂದದ್ದು. ಇಷ್ಟು ದಿನ ನಾನು ಬೇರೆ ಬಾಗಿಲಿಗೆ ಕೈ ಮುಗಿಯುತ್ತಿದ್ದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ರಾಳ ಸೀದುಹೋಗುತ್ತಿತ್ತು, ಇಬ್ಬರೂ ಮೂಗು ಒರೆಸಿಕೊಂಡು ಎದ್ದೆವು.

ಆಷಾಢದ ಮೊದಲ ನೀರು ಬಂದ ಮೇಲೆ ಊರ ಯಜಮಾನರು ದೋಣಿ ನೋಡಲು ಕಡವಿಗೆ ಬಂದರು. ರಾಳ ಕುಡಿದ ದೋಣಿ ಈಗ ಒಂದು ಹನಿ ನೀರನ್ನೂ ಒಳಗೆ ಬಿಡುತ್ತಿರಲಿಲ್ಲ. ಹನುಮಯ್ಯ ಮಿಷನ್ ಸಿಕ್ಕಿಸಿ, ನಡೆಸುವುದನ್ನು ಮಾದಣ್ಣ ದೇವೀರಮ್ಮ ಇಬ್ಬರಿಗೂ ಹೇಳಿಕೊಟ್ಟು ಮಿಲ್ಲಿಗೆ ಹೋಗಿದ್ದ. ಮಾದಣ್ಣ ಎಡಗೈಯಲ್ಲಿ ಹಗ್ಗ ಎಳೆದ. ಬರಲಿಲ್ಲ. ಮತ್ತೆ ಎಳೆದ. ಇಡೀ ಮೈಯೇ ಒಂದು ಪಕ್ಕಕ್ಕೆ ವಾಲಿತು, ಮಿಷನ್ ಮಾತ್ರ ಗುಟುಕ್ ಎಂದು ಸುಮ್ಮನಾಯಿತು. ಇಷ್ಟೆಲ್ಲ ಮಾಡಿ, ಒಂದು ಕೈಯವನಿಗೆ ಎಳೆಯಲಾಗುತ್ತದೆಯೇ ಎಂದು ನಾವ್ಯಾರೂ ಯೋಚಿಸಿರಲೇ ಇಲ್ಲ.

ದೇವೀರಮ್ಮ ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿದಳು. ಒಂದೇ ಎಳೆತ. ಮಿಷನ್ ಗುಡುಗಿತು. ಅಲ್ಲೇ ಒಂದು ಸುತ್ತು ಹಾಕಿ ತಂದು ನಿಲ್ಲಿಸಿ ಮಿಷನ್ ಆರಿಸಿದಳು.

ಸತ್ತೇಗಾಲದ ಕಡೆಯ ಯಜಮಾನ ಕೆಂಪನಂಜಪ್ಪ ಗಂಟಲು ಸರಿಮಾಡಿಕೊಂಡ. “ಅರ್ಗೋಲಾದ್ರೂ ಸೈ, ಮಿಷನ್ನಾದ್ರೂ ಸೈ, ಎಂಗ್ಸಿನ್ ಕೈಲಿ ಪ್ರಾಣ ಕೊಡಾಕಾದದೇನ್ರಪ್ಪಾ? ಕೆಳೀಕೆ ಬ್ಲಫು ಜಲ್ಪಾತ ಅದೆ, ದುಮ್ಕೋ ನೀರು. ನಡುವ್ನಲ್ಲಿ ಯಾರಾದ್ರೂ ಬಿದ್ರೆ ಇವ್ಳು ಎತ್ತಾಳಾ?” ಜನ ಹೌದು ಹೌದು ಎಂದರು. ಒಬ್ಬರೂ ಮುಂದೆ ಬರಲಿಲ್ಲ. ಮಾದಣ್ಣ ತಲೆ ತಗ್ಗಿಸಿದ. ದೇವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಸೆರಗು ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಹೊಳೆಗೆ ಹೋಗಲಿ ಎಂದುಕೊಂಡೆ.

“ಏನ್ರೀ, ನಿಮ್ಮ ಕೈ ತೋರ್ಸಿ!” ಎಂದೆ. “ಆ ಮೊಸಳೆ ಕಚ್ಚಿದ್ದು ತೋರ್ಸಿ ಎಲ್ಲಾರ್ಗೂ. ದೇವೀರಮ್ಮ, ನೀನು ಬಾಯಿ ಮೇಲಿಂದ ಸೆರಗು ತೆಗಿ. ಬಿದ್ರೆ ಎತ್ತಾಳಾ ಅಂತ ಕೇಳ್ತಾ ಅವ್ರಲ್ಲ, ನೋಡ್ಕಳ್ಳಿ!”

ಕೆಂಪನಂಜಪ್ಪನೇ ಹತ್ತಿರ ಬಂದು ಕೈ ನೋಡಿದ, ಬಾಯಿ ನೋಡಿದ, ಮತ್ತೆ ಕೈ ನೋಡಿದ. ನಮ್ಮವರು ತಮ್ಮ ಮಣಿಕಟ್ಟನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಂತಿದ್ದರು. ಆಮೇಲೆ ಮಾದಣ್ಣನ ಕಡೆ ತಿರುಗಿದರು.

“ಅವ್ಳೇ ಸೆಟ್ರೇ,” ಎಂದ ಮಾದಣ್ಣ. ಅವನ ಮುಖದಲ್ಲಿ ಹೊರೆ ಇಳಿಸಿದವನ ಸುಖ ಇತ್ತು. “ನಾ ಅರ್ಗೋಲು ಇಡ್ಕಂಡಿದ್ದೆ ಅಷ್ಟೇಯ.”

ಎಲ್ಲರ ಮುಂದೆ ಮಾನ ಹೋಯಿತೆಂದು ಇವರು ನನ್ನ ಮೇಲೆ ಸಿಡುಕುತ್ತಾರೆ ಎಂದುಕೊಂಡಿದ್ದೆ. ಇವರು ಸಿಡುಕಲಿಲ್ಲ. ದೋಣಿಯ ಹತ್ತಿರ ಹೋಗಿ ದೇವೀರಮ್ಮನಿಗೆ ಕೈ ಮುಗಿದರು.

“ನಾನು ಸೀರೆ ನೇಯೋನು ಕಣವ್ವ,” ಎಂದರು. “ಊರಿಗೆಲ್ಲ ಸೀರೆ ನೇಯ್ದೆ. ನಿನ್ನ ಮನೆಗೆ ಪಂಚೆ ತಂದೆನಲ್ಲ.”

ಆಮೇಲೆ ಆ ಮನುಷ್ಯ, ಮದುವೆಯಾದ ವರ್ಷದಿಂದ ಹೊಳೆಯ ನೀರು ಮುಟ್ಟದವರು, ನೀರಿಗೆ ಕಾಲಿಟ್ಟು ದೋಣಿ ಹತ್ತಿ ಕೂತರು. ನಾನೂ ಹಿಂದೆಯೇ ಹತ್ತಿದೆ. ಮಾದಣ್ಣ ಮೂತಿಯಲ್ಲಿ ಕೂತ. ದೇವೀರಮ್ಮ ಹಗ್ಗ ಎಳೆದು ಚಾಲೂ ಮಾಡಿ, ಹಗ್ಗವನ್ನು ಇವರ ಕೈಗೆ ಕೊಟ್ಟು ದೋಣಿ ತಿರುಗಿಸಿದಳು. ದಡ ಹಿಂದಕ್ಕೆ ಹೋಯಿತು.

ನಡುಹೊಳೆಗೆ ಬಂದಾಗ ಮಿಷನ್ ಕೆಮ್ಮಿ ನಿಂತಿತು. ಸದ್ದು ಹೋದ ಮೇಲೆ ನೀರಿನ ಸದ್ದು ಕೇಳಿಸಿತು. ದೋಣಿ ಮೆಲ್ಲಗೆ ಕೆಳಕ್ಕೆ, ಜಲಪಾತದ ದಿಕ್ಕಿಗೆ ಸರಿಯತೊಡಗಿತು. ದಡದಲ್ಲಿ ಯಾರೋ ಕೂಗಿದರು. ದೇವೀರಮ್ಮ ಹಗ್ಗಕ್ಕೆ ಕೈ ಚಾಚಿದಳು. ನಮ್ಮವರು ಹಗ್ಗವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದರು. ಎಳೆದರೂ ಬಿಡಲಿಲ್ಲ. ನಾನು ಬೆರಳು ಬಿಡಿಸಲು ನೋಡಿದೆ, ಕಬ್ಬಿಣ.

“ಬುಡಿ ಸೆಟ್ರೇ,” ಎಂದಳು ದೇವೀರಮ್ಮ. “ಇಲ್ದೋದ್ರೆ ಮತ್ತೆ ಕಚ್ಬೇಕಾಯ್ತದೆ.”

ಇವರು ಕಣ್ಣು ಬಿಟ್ಟರು. ಅವಳ ಮುಖ ನೋಡಿದರು. ಹಲ್ಲಿಲ್ಲದ ಜಾಗ ಕಾಣುವ ಹಾಗೆ ಅವಳು ನಗುತ್ತಿದ್ದಳು, ಸೆರಗು ಸೊಂಟದಲ್ಲಿತ್ತು. ಇವರ ಬಾಯಿಂದ ನಗು ಒಡೆಯಿತು. ನಗುತ್ತ ನಗುತ್ತ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಅವಳು ಹಗ್ಗ ಸುತ್ತಿ ಎಳೆದಳು, ಮಿಷನ್ ಮತ್ತೆ ಗುಡುಗಿತು, ನಾವು ಮೈಸೂರು ದಡ ಸೇರಿದೆವು. ವಾಪಸು ಬರುವಾಗ ಆ ಕಡೆಯವರು ಕೆಲವರು ಹತ್ತಿದರು. ಈ ಕಡೆ ಮೊದಲು ಹತ್ತಿದವನು ಕೆಂಪನಂಜಪ್ಪ. ಅವನಿಗೆ ಮಾತು ಹೆಚ್ಚು, ಆದರೆ ಕಣ್ಣಿಂದ ಕಂಡದ್ದನ್ನು ಇಲ್ಲ ಎನ್ನುವವನಲ್ಲ. ಕಡವು ಅವರ ಕೈಯಲ್ಲೇ ಉಳಿಯಿತು.

ಆ ದೋಣಿ ಬಹಳ ವರ್ಷ ಓಡಿತು. ಮಿಷನ್ ಕೈಕೊಟ್ಟಾಗ ಹನುಮಯ್ಯ ಬೈದುಕೊಂಡು ಹೋಗುವನು, ಅವನೂ ಸಿಗದಿದ್ದಾಗ ದೇವೀರಮ್ಮ ಹುಟ್ಟು ಹಾಕುವಳು. ನಮ್ಮವರು ಆಮೇಲೆ ಸೇತುವೆ ಸುತ್ತಲಿಲ್ಲ. ಮನೆಗೆ ಬಂದವರಿಗೆ ತೋಳು ಮೇಲೆ ಮಾಡಿ ತೋರಿಸುವುದನ್ನೂ ಬಿಡಲಿಲ್ಲ. ಕಥೆ ಮಾತ್ರ ಬದಲಾಯಿತು, ಮೊದಲಿಗಿಂತ ಉದ್ದವಾಯಿತು. ಪಡಸಾಲೆ ನನಗೆ ವಾಪಸು ಸಿಕ್ಕಿತು. ಕೆಲವು ದಿನ ಅಡುಗೆಮನೆಗೆ ಹೋಗುವಾಗ ಆ ಜಾಗದಲ್ಲಿ ಸುಮ್ಮನೆ ಸೀರೆ ಎತ್ತಿಕೊಂಡು ದಾಟುತ್ತಿದ್ದೆ.

ದೋಣಿ ಇಳಿದ ವರ್ಷದ ದೀಪಾವಳಿಗೆ ಇವರು ಒಂದು ಸೀರೆ ನೇಯ್ದರು. ಹೊಳೆಯ ಕೆಲಸದವಳು ರೇಷ್ಮೆ ಉಟ್ಟು ಏನು ಮಾಡುತ್ತಾಳೆ ಎಂದರೆ ಕೇಳಲಿಲ್ಲ. ಹಗ್ಗದಲ್ಲಿದ್ದ ಅರಿಸಿನ, ಹಸಿರು, ಕೆಂಪು ಮೂರೂ ಅದರ ಅಂಚಿನಲ್ಲಿದ್ದವು. ನಾವಿಬ್ಬರೂ ಹೋಗಿ ಕೊಟ್ಟೆವು. ದೇವೀರಮ್ಮ ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಮಾದಣ್ಣ ಜಗಲಿಯ ಮೇಲೆ ಕೂತಿದ್ದ. ಅವಳು ನೇರ ಅವನ ಹತ್ತಿರ ಹೋಗಿ, ಮಡಿಕೆ ಬಿಚ್ಚದೆ, ಆ ಬಿದ್ದುಹೋದ ಕೈಯ ಹೆಗಲ ಮೇಲೆ ಅದನ್ನು ಇಟ್ಟಳು. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟಳು. ಆಮೇಲೆ ಒಳಗೆ ಹೋಗಿ ಉಟ್ಟುಕೊಂಡು ಬಂದಳು.